ರೇಡಿಯೇಟರ್ ಮತ್ತು ರಬ್ಬರ್ ಪಟ್ಟಿ

ಕೆಂಪು ಸ್ಪೋರ್ಟ್ಸ್ ಕಾರಿನ ಮೂತಿಯ ಕೆಳಗೆ ಒಂದು ರಬ್ಬರ್ ಪಟ್ಟಿ ಇತ್ತು. ಪ್ರತಿ ಹಂಪ್‌ನಲ್ಲೂ ಅದು ಕರ್ರೆಂದು ನೆಲಕ್ಕೆ ಉಜ್ಜುತ್ತಿತ್ತು.

"ಹೋದಲ್ಲೆಲ್ಲ ನನ್ನ ಮಾನ ಕಳೆಯುತ್ತೀಯೆ," ಎಂದು ಒಳಗಿದ್ದ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಸಿಡುಕಿತು. "ಗಾಳಿ ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ. ನೀನು ಯಾತಕ್ಕೆ?"

"ನಾನಿರುವವರೆಗೆ ಬರುತ್ತದೆ ಸ್ವಾಮಿ," ಎಂದಿತು ಪಟ್ಟಿ.

ಒಂದು ದಿನ ಎತ್ತರದ ಹಂಪ್‌ಗೆ ಸಿಕ್ಕಿ ಪಟ್ಟಿ ಕಿತ್ತುಹೋಯಿತು. ಪೀಡೆ ತೊಲಗಿತೆಂದು ರೇಡಿಯೇಟರ್ ಹಿಗ್ಗಿತು. ಆದರೆ ಹೆದ್ದಾರಿಯಲ್ಲಿ ಗಾಳಿಯೆಲ್ಲ ಅದಕ್ಕೆ ತಾಗದೆ ಕಾರಿನ ಅಡಿಯಿಂದಲೇ ಹಾದುಹೋಯಿತು. ನೀರು ಕುದ್ದು ಕಾರು ನಿಂತೇ ಹೋಯಿತು.

ಮೆಕ್ಯಾನಿಕ್ ದಸ್ತಗೀರ್ ಬಗ್ಗಿ ನೋಡಿದ. "ಗಾಳಿನ ಮೇಲಕ್ಕೆ ತಳ್ಳೋ ಪಟ್ಟಿನೇ ಇಲ್ಲ ಮೇಡಂ. ಸಾಲದ್ದಕ್ಕೆ ರೇಡಿಯೇಟರ್ ತುಂಬ ಕಸ," ಎಂದು ಕಾರಿನ ಒಡತಿಗೆ ಹೇಳಿದ. ಒಣಗಿದ ಎಲೆ, ಚಿಪ್ಸ್ ಕವರ್ ಎಲ್ಲ ತೆಗೆದು, ಮೆಲ್ಲಗೆ ನೀರು ಬಿಟ್ಟು ತೊಳೆದು, ಹೊಸ ಪಟ್ಟಿ ಕೂರಿಸಿದ.

ಮುಂದಿನ ಹಂಪ್‌ನಲ್ಲಿ ಮತ್ತೆ ಕರ್ರೆಂದಿತು.

"ಪೆಟ್ಟಾಯಿತೆ?" ಎಂದು ರೇಡಿಯೇಟರ್ ಗಾಬರಿಯಿಂದ ಕೇಳಿತು.

"ಸ್ವಲ್ಪ ತರಚಿತು ಸ್ವಾಮಿ," ಎಂದಿತು ಹೊಸ ಪಟ್ಟಿ. "ಗಾಳಿ ಬರುತ್ತಿದೆಯೆ?"

"ಬರುತ್ತಿದೆಯಪ್ಪ," ಎಂದು ರೇಡಿಯೇಟರ್ ನಿರಾಳವಾಗಿ ಉಸಿರಾಡಿತು. "ನೀನು ಉಜ್ಜುವ ಸದ್ದು ನನಗೆ ದಿನಾ ಕೇಳಿಸುತ್ತಿರಲಿ."