ಒಂದು ಪದಕ್ಕೆ ಒಂದು ತೆಂಗಿನಕಾಯಿ

ನದಿ ದಂಡೆಯ ಮಠದಲ್ಲಿ ರಾಚಯ್ಯಜ್ಜ ತತ್ವಪದ ಕಲಿಸುತ್ತಿದ್ದರು. ಅಲ್ಲಿಯ ಪದ್ಧತಿ ಸರಳ. ಹೊಸ ಪದ ಬೇಕಾದವರು ಒಂದು ತೆಂಗಿನಕಾಯಿ ತಂದು ಅಜ್ಜನ ಮುಂದಿಡಬೇಕು. ಕಲಿತ ಪದ ಸಾಯುವ ತನಕ ಅವರದೇ.

ಶಿಷ್ಯ ದುಂಡಯ್ಯ ತಾನು ಕಲಿತ ಪದಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದ. ಮಠ ಎಂದೋ ಒಮ್ಮೆ ದುಡ್ಡು ಕೊಟ್ಟು ಕೊಂಡ ಹಳೆಯ ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಈ ಪುಣ್ಯಾತ್ಮ ಹೊಸದರ ಥಳಕಿಗೆ ಮರುಳಾದ. ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರಿಗೆ ಎಲ್ಲವನ್ನೂ ಸಾಗಿಸಿ, ಹಳೆಯ ಪ್ರತಿಗಳನ್ನು ಅಳಿಸಿಯೂಬಿಟ್ಟ.

ಒಂದು ಬೆಳಿಗ್ಗೆ ಪದಗಳಿಗೆ ಬೀಗ ಬಿದ್ದಿತ್ತು.

ದುಂಡಯ್ಯ ಅಳುಮೋರೆ ಹೊತ್ತು ಅಜ್ಜನ ಬಳಿ ಓಡಿದ. “ಅಜ್ಜಾರ, ಕಂಪನಿಯವ್ರು ಬಾಡಿಗಿ ಏರಸ್ಯಾರ. ಕಟ್ಟದಿದ್ರ ಒಂದ ಪದಾನೂ ತಗಿಯಾಕ ಬರೂದಿಲ್ಲಂತ. ದಾಸೋಹದ ರೊಕ್ಕದಾಗ ಕೊಡ್ರಿ.”

“ಯಾವ ಪದಾ ಸಿಕ್ಕೊಂಡೈತೋ ಅದನ್ನ ಹಾಡು.”

ದುಂಡಯ್ಯ ಹಾಡತೊಡಗಿದ. ಎರಡನೇ ನುಡಿಗೆ ಬರುವಷ್ಟರಲ್ಲಿ ಅಜ್ಜ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದರು.

“ಸಾಕು. ಈ ತಿಂಗಳ ಕಾಯಿ ಬಂದಿಲ್ಲ.”

“ಈ ಪದಕ್ಕ ಕಾಯಿ ಕೊಟ್ಟೇನಲ್ರೀ!”

“ಅದು ಹ್ವಾದ ವರ್ಷದ್ದು. ಮತ್ತ ತಾ, ಇಲ್ಲಾ ಮರತುಬಿಡು.”

ದುಂಡಯ್ಯನಿಗೆ ಸಿಟ್ಟು ನೆತ್ತಿಗೇರಿತು. ಗುರುವಿನ ಕೈಯನ್ನೇ ಆಚೆ ಸರಿಸಿದ.

“ಹೊಸಾ ಪದಾ ಬೇಕಂದ್ರ ಹೊಸಾ ಕಾಯಿ ತರ್ತೀನಿ. ಕಲ್ತದ್ದು ನಂದು! ನೀವು ಹೇಳಿದ್ರೂ ಮರಿಯಂಗಿಲ್ಲ!”

ಅಂದ ಮೇಲೆ ಅವನಿಗೇ ಹೆದರಿಕೆಯಾಯಿತು. ಅಜ್ಜ ಮಾತ್ರ ಖುಷಿಯಿಂದ ತೊಡೆ ತಟ್ಟಿದರು.

“ಹಂಗ ಅನ್ನು! ನನಗಲ್ಲ, ಆ ಕಂಪನಿಯವರಿಗೆ.”

ದುಂಡಯ್ಯ ಹಳೆಯ ಸಾಫ್ಟ್‌ವೇರ್ ತೆರೆದು, ಒಂದೊಂದೇ ಪದ ಹಾಡಿಕೊಳ್ಳುತ್ತ ಮತ್ತೆ ಟೈಪು ಮಾಡಲು ಕೂತ. ಬೆರಳು ನೋಯತೊಡಗಿದವು. ಗಂಟಲು ಒಂದು ಸಾಲನ್ನೂ ಮರೆತಿರಲಿಲ್ಲ.

ಮಧ್ಯಾಹ್ನ ಕಂಪನಿಯವನ ಫೋನು ಬಂತು. “ಕಟ್ಟದಿದ್ದರೆ ನಿಮ್ಮ ಹಾಡುಗಳೆಲ್ಲ ಅಳಿಸಿಹೋಗುತ್ತವೆ ಸರ್.”

“ಅಳಿಸ್ಕೋರಿ,” ಎಂದ ದುಂಡಯ್ಯ.

ಅಜ್ಜ ಫೋನು ಇಸಿದುಕೊಂಡು, ಆರಿಸದೆ ಪಕ್ಕಕ್ಕಿಟ್ಟು, ತಂಬೂರಿ ಮೀಟಿ, ಅದೇ ಪದವನ್ನು ಇಡಿಯಾಗಿ ಕಂಪನಿಯವನಿಗೆ ಹಾಡಿ ಕೇಳಿಸಿದರು. ಕೊನೆಯ ಪಲ್ಲವಿಗೆ ಫೋನಿನ ಅತ್ತಲಿಂದಲೂ ಒಂದು ದನಿ ಮೆಲ್ಲಗೆ ಸೇರಿತು.

“ಬಂತಲ್ಲ ತಮ್ಮಾ? ಇನ್ನ ತಿಂಗಳಾ ತಿಂಗಳಾ ಒಂದು ಕಾಯಿ ಕಳಸು. ಇಲ್ಲಂದ್ರ ಈ ಪದಾ ಮರತುಬಿಡು.”