ಸಣ್ಣೀರಪ್ಪನ ಕೈಗುಣ

ಸಣ್ಣೀರಪ್ಪ ಈಚಲು ಚಾಪೆ ಹೆಣೆಯುವವನು. ಅವನ ಹೆಂಡತಿ ಗಿರಿಯಮ್ಮ ಒಂದು ದಿನ ಚಿತ್ರಾನ್ನಕ್ಕೆ ಹೇರಳೆಕಾಯಿ ಹಿಂಡಿದಳು. ಬೀಜ ಬಿಸಾಡಲಿಲ್ಲ. ಮೂರು ಕುಂಡಕ್ಕೆ ಕೆಮ್ಮಣ್ಣು ತುಂಬಿದಳು. ಹೆಬ್ಬೆರಳಿನಿಂದ ಒತ್ತಿ ಒಂದೊಂದರಲ್ಲಿ ಒಂದೊಂದು ಬೀಜ ಊರಿದಳು. ಎಂಟನೇ ದಿನ ಅವಳಿಗೆ ಜ್ವರ ಬಂತು. ಹತ್ತನೇ ದಿನ ಅವಳಿರಲಿಲ್ಲ.

ತಿಥಿ ಮುಗಿಯಿತು. ನೆಂಟರೆಲ್ಲ ಬಸ್ಸು ಹತ್ತಿದರು. ಮನೆ ಬಿಕೋ ಎಂದಿತು. ಅದಾಗಿ ಮೂರನೇ ಬೆಳಿಗ್ಗೆ ಸಣ್ಣೀರಪ್ಪ ನೋಡುತ್ತಾನೆ, ಮೂರು ಕುಂಡದಲ್ಲೂ ಮಣ್ಣು ಬಿರಿದು ಮೊಳಕೆ ತಲೆ ಎತ್ತಿದೆ.

"ನೀನು ಊರಿದ್ದು ಬಂತು ಕಣೇ" ಎಂದ. ಕೇಳುವವರು ಯಾರೂ ಇರಲಿಲ್ಲ. ಆದರೂ ಎಂದ.

ಎರಡು ಕುಂಡಗಳನ್ನು ಜಗಲಿಗೆ ತಂದು ತಾನು ಕೂರುವ ಜಾಗದ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡ. ಮೂರನೆಯದಕ್ಕೆ ಅಲ್ಲಿ ಜಾಗ ಸಾಲಲಿಲ್ಲ. ಅದು ಹಿತ್ತಲಲ್ಲೇ ಉಳಿಯಿತು.

ಅವನಿಗೆ ಇನ್ನು ಬೇರೆ ಜೊತೆ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಜಗಲಿ ಮೇಲೆ ಈಚಲು ಗರಿ ಹೆಣೆಯುವುದು, ಗಿಡಗಳ ಜೊತೆ ಒಂದೆರಡು ಮಾತು, ಮಧ್ಯೆ ಮಧ್ಯೆ ಎಲೆಅಡಿಕೆ. "ಇವತ್ತು ಮುದ್ದೆ ಗಂಟಾಯ್ತು" ಎನ್ನುವನು. "ಚಾಪೆ ಅಂಚು ಸೊಟ್ಟ ಬಂತು" ಎನ್ನುವನು. ಗಿಡಗಳು ಕೇಳಿಸಿಕೊಳ್ಳುತ್ತಿದ್ದವು.

ಎಲೆಅಡಿಕೆ ಮಾತ್ರ ಮೊದಲಿನಂತೆ ರುಚಿಸುತ್ತಿರಲಿಲ್ಲ. ನಲವತ್ತು ವರ್ಷ ಗಿರಿಯಮ್ಮನೇ ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಕೈಗೆ ಕೊಡುತ್ತಿದ್ದಳು. ಅವನಿಗೆ ಸುಣ್ಣದ ಅಳತೆ ಗೊತ್ತಿರಲಿಲ್ಲ. ಡಬ್ಬಿಗೆ ಬೆರಳು ಅದ್ದಿದರೆ ನಾಲ್ಕು ಎಲೆಗೆ ಆಗುವಷ್ಟು ಬರುತ್ತಿತ್ತು. ಒಂದಿಷ್ಟು ಎಲೆಗೆ ಸವರಿ, ಉಳಿದದ್ದನ್ನು ಕೈಗೆ ಸಿಕ್ಕಲ್ಲಿ ಒರೆಸಿಬಿಡುತ್ತಿದ್ದ. ಆದರೂ ನಾಲಿಗೆ ಸುಡುತ್ತಿತ್ತು.

ಆರು ತಿಂಗಳಾಯಿತು. ಸಸಿಗಳು ಗೇಣುದ್ದ ಬಂದವು. ಆಮೇಲೆ ಜಗಲಿಯ ಎರಡೂ ಗಿಡಗಳಲ್ಲಿ ಹೊಸ ಎಲೆ ಬಿಳಿಚಿಕೊಂಡು ಬರತೊಡಗಿತು. ಎಲೆಯೆಲ್ಲ ಹಳದಿ. ನರ ಮಾತ್ರ ಹಸಿರು, ಹಳದಿ ಬಟ್ಟೆ ಮೇಲೆ ಹಸಿರು ದಾರದಲ್ಲಿ ಹೊಲಿಗೆ ಹಾಕಿದ ಹಾಗೆ.

ಹಸಿದಿರಬೇಕು ಎಂದುಕೊಂಡ ಸಣ್ಣೀರಪ್ಪ. ಕೊಟ್ಟಿಗೆ ಗೊಬ್ಬರ ಹಾಕಿದ. ಹಳದಿ ಹೋಗಲಿಲ್ಲ. ಕಡಲೆಕಾಯಿ ಹಿಂಡಿ ನೆನೆಸಿ ಹಾಕಿದ. ಹೋಗಲಿಲ್ಲ. ಅಂಗಡಿಯಿಂದ ಬಿಳಿ ಗೊಬ್ಬರ ತಂದು ಹಿಡಿ ಹಿಡಿ ಹಾಕಿದ. ನಾಲ್ಕೇ ದಿನಕ್ಕೆ ಎಡಗಡೆಯ ಗಿಡ ತುದಿಯಿಂದ ಸುಟ್ಟುಕೊಂಡು ಒಣಗಿಹೋಯಿತು.

ಹಿತ್ತಲಿನದು? ಅದಕ್ಕೆ ನೆನಪಾದಾಗ ಒಂದು ಚೊಂಬು ನೀರು, ಅಷ್ಟೆ. ಅದು ಹಸಿರು ಹಸಿರಾಗಿ ನಿಂತಿತ್ತು.

ಪಕ್ಕದ ಮನೆಯ ಕಾಟಮ್ಮ ಒಣಗಿದ ಗಿಡ ನೋಡಿ ಲೊಚಗುಟ್ಟಿದಳು. "ಗಿರಿಯತ್ತೆ ಕಲ್ಲಿಗೆ ನೀರು ಹಾಕಿದ್ರೂ ಚಿಗುರೋದು. ಆ ಕೈಗುಣ ಎಲ್ರಿಗೂ ಎಲ್ಲಿ ಬರುತ್ತೆ ಬಿಡು ಮಾವ."

ಅವಳು ಕೆಟ್ಟದ್ದಕ್ಕೆ ಅಂದದ್ದಲ್ಲ. ಆದರೆ ಆ ಮಾತು ಸಣ್ಣೀರಪ್ಪನ ಎದೆಗೆ ಮುಳ್ಳಿನಂತೆ ನಾಟಿತು. ನಾನು ಹತ್ತಿರ ಕೂತದ್ದು ಸಾಯುತ್ತದೆ. ದೂರ ಇದ್ದದ್ದು ಬದುಕುತ್ತದೆ. ಅವಳೂ ಹಾಗೇ ಹೋದಳೇನೋ. ಹೀಗೆಲ್ಲ ಯೋಚಿಸಿದ. ಅವತ್ತು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ಹಳದಿ ಗಿಡವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟ. ಕೆರೆ ಏರಿಯ ಕೆಳಗೆ ಓಬಳಮ್ಮ ಎಂಬವಳು ನಿಂಬೆ, ನುಗ್ಗೆ, ಪಪ್ಪಾಯ ಸಸಿ ಮಾಡುತ್ತಿದ್ದಳು. ಅವಳ ಮುಂದೆ ಕುಂಡ ಇಟ್ಟ.

"ಇದನ್ನ ನೀನೇ ಮಡಿಕ್ಕೊ ತಂಗಿ. ಹಿತ್ತಲಲ್ಲಿ ಇನ್ನೊಂದೈತೆ, ಅದನ್ನೂ ತಂದುಕೊಡ್ತೀನಿ. ಅವಳು ಊರಿದ್ದು. ನನ್ನ ಕೈಗುಣ ಸರಿಯಿಲ್ಲ. ನಿನ್ನ ಹತ್ರ ಆದ್ರೂ ಬದುಕಲಿ."

ಓಬಳಮ್ಮ ಕುಕ್ಕರುಗಾಲಲ್ಲಿ ಕೂತು ಎಲೆ ತಿರುವಿ ತಿರುವಿ ನೋಡಿದಳು.

"ಏನೇನು ಹಾಕ್ದೆ?"

ಹಾಕಿದ್ದನ್ನೆಲ್ಲ ಹೇಳಿದ.

"ಅಯ್ಯೋ ನನ್ನಪ್ಪ! ಹೊಟ್ಟೆನೋವು ಅಂದೋರಿಗೆ ಹೋಳಿಗೆ ತುರುಕಿದೀಯಲ್ಲೋ ಅಣ್ಣಯ್ಯ. ಹಸಿದ ಗಿಡಕ್ಕೆ ಮೊದಲು ಕೆಳಗಿನ ಹಳೇ ಎಲೆ ಹಳದಿ ಆಗುತ್ತೆ. ಅದರ ಸಾರ ತೆಗೆದು ಕುಡಿಗೆ ಕೊಡುತ್ತೆ, ತಾಯಿ ತಾನು ಉಣ್ಣದೆ ಮಗೀಗೆ ಕೊಟ್ಟಂಗೆ. ಇಲ್ಲಿ ನೋಡು. ಹಳೇ ಎಲೆ ಹಸಿರಾಗೇ ಐತೆ, ಕುಡಿ ಹಳದಿ, ನರ ಹಸಿರು. ಇದು ಕಬ್ಬಿಣ ಸಾಲದ ಲಕ್ಷಣ."

"ಕಬ್ಬಿಣ ಎಲ್ಲಿ ತರಲಿ?"

"ತರೋದೇನು? ಕೆಮ್ಮಣ್ಣಲ್ಲಿ ಬೇಕಾದಷ್ಟೈತೆ. ಇದ್ರೂ ಗಿಡದ ಬಾಯಿಗೆ ಹೋಗ್ತಿಲ್ಲ. ಏನೋ ಅಡ್ಡ ನಿಂತೈತೆ. ಹಿತ್ತಲ ಗಿಡಕ್ಕೆ ಯಾವ ಮಣ್ಣು?"

"ಇದೇ ಮಣ್ಣು."

"ನೀರು?"

"ಇದೇ ನೀರು."

"ಮತ್ತೆ ಅದು ಹೆಂಗೈತೆ?"

"ಚೆನ್ನಾಗೈತೆ. ನಾನು ಅದರ ಹತ್ರ ಕೂರಲ್ಲ." ಇಷ್ಟು ಹೇಳಿ ಎಲೆಅಡಿಕೆ ಸಂಚಿ ಬಿಚ್ಚಿದ. ಎಲೆ ತೆಗೆದ. ಡಬ್ಬಿಗೆ ಬೆರಳು ಅದ್ದಿ ಸುಣ್ಣ ಹಚ್ಚಿ ಓಬಳಮ್ಮನಿಗೊಂದು ಮಡಿಸಿಕೊಟ್ಟ, ತನಗೊಂದು ಮಡಿಸಿದ. ಬೆರಳಲ್ಲಿ ಉಳಿದದ್ದನ್ನು ಅಭ್ಯಾಸದಂತೆ ಕುಂಡದ ಅಂಚಿಗೆ ಒರೆಸಿದ.

ಓಬಳಮ್ಮ ತಟ್ಟನೆ ಅವನ ಮುಂಗೈ ಹಿಡಿದಳು.

"ಏನ್ ಮಾಡ್ದೆ ಈಗ?"

"ಏನ್ ಮಾಡ್ದೆ?"

ಅವಳು ಕುಂಡದ ಅಂಚನ್ನು ಉಗುರಲ್ಲಿ ಕೆರೆದಳು. ಒಂದರ ಮೇಲೊಂದು ಕೂತು ಗಟ್ಟಿಯಾದ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಮೇಲಿನ ಮಣ್ಣು ಕೆದಕಿದಳು. ಅಲ್ಲೂ ಬಿಳಿ. ದಿನಾ ನೀರು ಹಾಕಿದಾಗ ಅಂಚು ತೊಳೆದು ಸುಣ್ಣವೆಲ್ಲ ಬೇರಿಗೆ ಇಳಿದಿತ್ತು.

ಓಬಳಮ್ಮನಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಕೈಗುಣ ಕೆಟ್ಟಿಲ್ಲ ಮಾರಾಯ! ಒಂದು ಬೆರಳು ಕೆಟ್ಟೈತೆ, ಅಷ್ಟೇ! ಸುಣ್ಣ ಬಿದ್ದ ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ. ಇಷ್ಟು ವರ್ಷ ಎಲೆ ಹಾಕಿದೀಯ, ಸುಣ್ಣ ಎಷ್ಟು ತಗೋಬೇಕು ಅಂತ ಗೊತ್ತಿಲ್ವಾ?"

ಸಣ್ಣೀರಪ್ಪ ಬೆರಳು ನೋಡಿಕೊಂಡ. "ಅವಳು ಹಚ್ಚಿ ಕೊಡ್ತಿದ್ದಳು" ಎಂದ.

ಓಬಳಮ್ಮನ ನಗು ಅಲ್ಲಿಗೇ ನಿಂತಿತು. ಅವನು ಕೊಟ್ಟ ಎಲೆಯನ್ನು ಮೆಲ್ಲಗೆ ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿರಬೇಕು. ಅವಳು ಹೇಳಲಿಲ್ಲ.

ಆಮೇಲೆ ಇಬ್ಬರೂ ಕೂಡಿ ಬೇರಿಗೆ ನೋವಾಗದಂತೆ ಗಿಡ ಬಿಡಿಸಿದರು. ಕುಂಡ ಉಜ್ಜಿ ತೊಳೆದು, ಹೊಸ ಕೆಮ್ಮಣ್ಣು ತುಂಬಿ ಮತ್ತೆ ನೆಟ್ಟರು.

"ಇನ್ನು ಗೊಬ್ಬರ ಗಿಬ್ಬರ ಏನೂ ಬೇಡ" ಎಂದಳು ಓಬಳಮ್ಮ. "ಹದಿನೈದು ದಿನಕ್ಕೊಂದ್ಸಲ ಅರ್ಧ ಲೋಟ ಹುಳಿ ಮಜ್ಜಿಗೆ, ಒಂದು ಚೊಂಬು ನೀರಲ್ಲಿ ಕದಡಿ ಹಾಕು. ಹುಳಿಗೆ ಸುಣ್ಣ ಸೋಲುತ್ತೆ. ಇನ್ನೊಂದು ಮಾತು ಅಣ್ಣಯ್ಯ. ಹಳದಿ ಎಲೆ ಮುಂದೆ ಕೂತ್ಕೊಂಡು ಯಾವಾಗ ಹಸಿರಾಗುತ್ತೆ ಅಂತ ಕಾಯಬೇಡ. ಅದು ಆಗ್ದೇ ಇರಬಹುದು. ಮುಂದೆ ಬರೋ ಕುಡಿ ನೋಡು."

"ನೀನು ಮಡಿಕ್ಕೊಳ್ಳಲ್ವಾ?"

"ಊಹೂಂ. ನಿನ್ನ ಗಿಡ. ಎತ್ಕೊಂಡು ನಡಿ."

ಮನೆಗೆ ಬಂದ. ಮಜ್ಜಿಗೆಗೆ ಮೊಸರಿರಲಿಲ್ಲ. ಅವಳು ಹೋದಮೇಲೆ ಆ ಮನೆಯಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕಿರಲಿಲ್ಲ. ಹಾಲು ತಂದು ಕಾಯಿಸಿದ. ಕಾಟಮ್ಮನ ಬಾಗಿಲಲ್ಲಿ ಲೋಟ ಹಿಡಿದು ನಿಂತ. ಮೊದಲೆಲ್ಲ ಅವಳು ಸಾರು ತಂದುಕೊಟ್ಟಾಗ ಹಸಿವಿಲ್ಲ ಎಂದು ವಾಪಸು ಕಳಿಸಿದವನು ಇವನೇ.

"ಒಂದ್ ಚೂರು ಹೆಪ್ಪು ಬೇಕಿತ್ತು ಕಣವ್ವ."

"ಯಾರಿಗೆ ಮಾವ?"

"ಗಿಡಕ್ಕೆ."

ಕಾಟಮ್ಮ ಅವನ ಮುಖ ನೋಡಿದಳು. ಗಿಡಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಹಾಕಿದಳು. ಮೊಸರು ಹುಳಿ ಬಂದಮೇಲೆ ಮಜ್ಜಿಗೆ ಕಡೆದ. ಗಿಡಕ್ಕೆ ಅರ್ಧ ಲೋಟ ಹೋಯಿತು. ಉಳಿದ ಮಜ್ಜಿಗೆಯನ್ನು ಚೆಲ್ಲಲಾಗದೆ ಸಣ್ಣೀರಪ್ಪ ಮುದ್ದೆಯ ಜೊತೆ ಉಂಡ.

ಒಂದು ತಿಂಗಳು ಕಳೆಯಿತು. ಹಳದಿ ಎಲೆಗಳು ಹಳದಿಯಾಗೇ ಉದುರಿದವು. ಒಂದು ಬೆಳಿಗ್ಗೆ ತುದಿಯಲ್ಲಿ ಅಕ್ಕಿಕಾಳಿನಷ್ಟು ಕುಡಿ ಇತ್ತು. ವಾರದಲ್ಲಿ ಬಿಚ್ಚಿಕೊಂಡಿತು. ಹಸಿರು. ನರವೂ ಹಸಿರು, ಎಲೆಯೂ ಹಸಿರು. ಚಿವುಟಿ ಮೂಸಿದರೆ ಹೇರಳೆಯ ಘಮ.

"ಬಂತು ನೋಡು ಬಾರೇ" ಎಂದು ಒಳಗೆ ಕೂಗಿದ.

ಒಳಗಿನಿಂದ ಯಾರೂ ಓ ಎನ್ನಲಿಲ್ಲ.

ಸಣ್ಣೀರಪ್ಪ ಕುಂಡದ ಪಕ್ಕ ಕೂತ. ಸಂಚಿ ಬಿಚ್ಚಿದ. ಅವಳು ಹಚ್ಚುತ್ತಿದ್ದುದನ್ನು ನೆನೆದು, ಬೆರಳ ತುದಿಗೆ ಎಳ್ಳಿನಷ್ಟು ಸುಣ್ಣ ತಗೊಂಡ. ಎಲೆಗೆ ಸವರಿದ. ಒರೆಸಲು ಬೆರಳಲ್ಲಿ ಏನೂ ಉಳಿದಿರಲಿಲ್ಲ.

ನೀತಿ: ಬಿಳಿಚಿದ್ದೆಲ್ಲ ಹಸಿದದ್ದಲ್ಲ. ಸುರಿಯುವ ಮೊದಲು ನೋಡಬೇಕು, ನೋಡಲು ಬರದಿದ್ದರೆ ಬಲ್ಲವರನ್ನು ಕೇಳಬೇಕು. ನನ್ನ ಕೈಗುಣವೇ ಸರಿಯಿಲ್ಲ ಎಂದು ಕೈ ಬಿಡುವ ಮೊದಲು, ಮಕ್ಕಳೇ, ಬೆರಳಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ.