ರತ್ನಗಂಬಳಿ ಮೊದಲೋ, ಹಲಗೆ ಮೊದಲೋ

“ದೊಡ್ಡ ರಾಜರ ಕಾಲದಲ್ಲಿ ನಾನೊಂದು ರತ್ನಗಂಬಳಿ ಹಾಸಿಸಿದ್ದೆ ಬುದ್ಧೀ. ಈ ತುದಿಯಲ್ಲಿ ಕೂಸು ಅಂಬೆಗಾಲು ಇಟ್ಟರೆ, ಆ ತುದಿ ಮುಟ್ಟುವ ಹೊತ್ತಿಗೆ ಅದಕ್ಕೆ ಮೀಸೆ ಬಂದಿರುತ್ತಿತ್ತು” ಎಂದ ಗವಿಯಪ್ಪ.

ಹೊನ್ನಕಣಿವೆಯ ಅರಮನೆಯಲ್ಲಿ ರಾಜನಿಗೆ ಎಲೆಯಡಿಕೆ ಮಡಿಸಿಕೊಡುವ ಮುದುಕ ಈ ಗವಿಯಪ್ಪ. ಅಕ್ಷರ ಬಾರದು, ಬಾಯಿ ಮಾತ್ರ ನಾಲ್ಕು ಊರಿಗಾಗುವಷ್ಟು.

“ಅದನ್ನು ಕಂಡವರು ಯಾರಾದರೂ ಇದ್ದಾರೇನೋ?” ಎಂದ ರಾಜ ವೀರಭೂಪಾಲ.

“ಎಲ್ಲರೂ ತೀರಿಹೋದರು ಬುದ್ಧೀ. ನನಗೂ ಅದೇ ಸಂಕಟ.”

ರಾಜನಿಗೆ ಅವತ್ತು ನಗು ಬರಲಿಲ್ಲ. ಅವನ ಮುಂದೆ ಇಬ್ಬರು ಕೆಲಸಗಾರರು ಜಗಳಕ್ಕೆ ನಿಂತಿದ್ದರು. ಹೊಸ ದರ್ಬಾರಿನ ಗೋಡೆಯ ಬುಡಕ್ಕೆ ಸುತ್ತಲೂ ತೇಗದ ಹಲಗೆಪಟ್ಟಿ ಬಡಿಯಬೇಕಾದವನು ಬಡಗಿ ಮೌನಾಚಾರಿ. ನೆಲಕ್ಕೆ ರತ್ನಗಂಬಳಿ ಹಾಸಬೇಕಾದವನು ಹುಸೇನಸಾಬ.

“ಗಂಬಳಿ ಮೊದಲು ಹಾಸಿದರೆ ನನ್ನ ಉಳಿ, ಹೊಟ್ಟು, ಎಣ್ಣೆ ಎಲ್ಲ ಅದರ ಮೇಲೇ ಬೀಳುತ್ತೆ. ಆಮೇಲೆ ನನ್ನನ್ನೇ ಬೈತೀರಿ” ಎಂದ ಆಚಾರಿ.

“ಹಲಗೆ ಮೊದಲು ಬಡಿದರೆ ನನ್ನ ಗಂಬಳಿ ಅಂಚು ಎಲ್ಲಿ ಅಡಗಬೇಕು ಖಾವಂದ್? ಹರಿದ ಲುಂಗಿ ಹಾಗೆ ಎದ್ದು ನಿಲ್ಲುತ್ತೆ” ಎಂದ ಹುಸೇನಸಾಬ.

ಇದರಲ್ಲಿ ಏನು ಕಷ್ಟ ಅನ್ನಬೇಡಿ. ರಾಜ ಬೆಳಿಗ್ಗೆ ಆಚಾರಿಗೆ, “ಹೋಗು, ನಿನ್ನ ಕೆಲಸವೇ ಮೊದಲು” ಎಂದಿದ್ದ. ಊಟವಾದ ಮೇಲೆ, ಆ ತೂಕಡಿಕೆಯಲ್ಲಿ, ಹುಸೇನಸಾಬನಿಗೂ ಅದನ್ನೇ ಹೇಳಿಬಿಟ್ಟಿದ್ದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ರಾಜ ಹೇಗಾದಾನು?

“ಗವಿಯಪ್ಪ, ಅಷ್ಟು ದೊಡ್ಡ ಗಂಬಳಿ ಹಾಸಿಸಿದವನಲ್ಲವಾ ನೀನು? ನಾಳೆ ಮಧ್ಯಾಹ್ನದೊಳಗೆ ಇದೂ ಆಗಲಿ. ಹಲಗೆಯೂ ಮೊದಲಾಗಬೇಕು, ಗಂಬಳಿಯೂ ಮೊದಲಾಗಬೇಕು. ಯಾವುದೂ ಎರಡನೆಯದಾಗಕೂಡದು. ತಪ್ಪಿದರೆ ತುಂಬಿದ ಸಭೆಯಲ್ಲಿ ನಿನ್ನ ಮೀಸೆ ಬೋಳಿಸುತ್ತೇನೆ.”

ಗವಿಯಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಅರವತ್ತು ವರ್ಷ ಹರಳೆಣ್ಣೆ ಕುಡಿಸಿ ಸಾಕಿದ ಮೀಸೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದನ್ನು ನೋಡಿಯೇ ಒಪ್ಪಿದ್ದೆ ಎಂದಿದ್ದಳಂತೆ, ಮುಖ ನೋಡಿರಲಿಲ್ಲವಂತೆ. “ಇಷ್ಟೇನಾ ಬುದ್ಧೀ? ನಾನು ಇನ್ನೇನೋ ಅಂದುಕೊಂಡಿದ್ದೆ” ಎಂದ. ಎಲೆಗೆ ಸುಣ್ಣ ಮಾತ್ರ ಎರಡೆರಡು ಸಲ ಹಚ್ಚಿದ.

ಮರುದಿನ ಕೋಳಿ ಕೂಗುವಾಗಲೇ ಆಚಾರಿ ಹಲಗೆ ಬಡಿಯಲು ಶುರುಮಾಡಿದ. ನೆಲಕ್ಕೆ ತಾಗಿಸಲಿಲ್ಲ, ಒಂದು ಬೆರಳು ತೂರುವಷ್ಟು ಸಂದು ಬಿಟ್ಟ. ಹೊಟ್ಟು ಗುಡಿಸಿ, ಎಣ್ಣೆ ಒರೆಸಿದ ಮೇಲೆ ಹುಸೇನಸಾಬ ಗಂಬಳಿ ಬಿಚ್ಚಿ ಹಾಸಿದ. ಅದರ ಅಂಚನ್ನು ಆ ಸಂದಿನೊಳಕ್ಕೆ ನೂಕಿದ. ಅಂಚು ಇಲಿಯ ಹಾಗೆ ಒಳಗೆ ಹೋಗಿ ಮಾಯವಾಯಿತು.

ಮಧ್ಯಾಹ್ನ ತುಂಬಿದ ಸಭೆಗೆ ರಾಜ ಬಂದ, ಜೊತೆಗೆ ರಾಣಿ ಗೌರಾಂಬೆ, ಹಿಂದೆ ಕತ್ತಿ ಮಸೆಯುತ್ತ ಕ್ಷೌರದವನು.

“ಚೆಂದವೇನೋ ಆಗಿದೆ. ಆದರೆ ಹಲಗೆ ಮೊದಲು ಬಡಿದದ್ದನ್ನು ನಾನೇ ಉಪ್ಪರಿಗೆಯಿಂದ ನೋಡಿದ್ದೇನೆ. ಕೂತುಕೋ ಗವಿಯಪ್ಪ, ತಲೆ ಎತ್ತು” ಎಂದ ರಾಜ.

“ಕೂರುತ್ತೇನೆ ಬುದ್ಧೀ. ಒಂದು ಮಾತು. ತಮ್ಮ ಮದುವೆ ದಿನ ಮಂಟಪದಲ್ಲಿ ಮೊದಲು ಕೂತವರು ಯಾರು?”

“ನಾನೇ. ಇವಳ ಅಲಂಕಾರ ಮುಗಿಯುವವರೆಗೆ ಹೋಮದ ಹೊಗೆ ಕುಡಿಯುತ್ತ ಕೂತಿದ್ದೆ.”

“ಹಾಗಾದರೆ ತಾವು ಮೊದಲು ಗಂಡನಾದಿರಿ, ಅಮ್ಮನವರು ಆಮೇಲೆ ಹೆಂಡತಿಯಾದರು.”

“ಹೌದು ಮತ್ತೆ” ಎಂದುಬಿಟ್ಟ ರಾಜ.

ರಾಣಿ ಮೆಲ್ಲಗೆ ತಿರುಗಿದಳು. “ನಾನು ಬರುವ ಮೊದಲೇ ಪ್ರಭುಗಳು ಗಂಡನಾಗಿದ್ದರಾ? ಯಾರಿಗೆ?”

ಸಭೆಯಲ್ಲಿ ಕೆಮ್ಮು ಶುರುವಾಯಿತು. ಮಂತ್ರಿ ಉತ್ತರೀಯ ಬಾಯಿಗೆ ತುರುಕಿಕೊಂಡ.

“ಛೆ ಛೆ, ಆಗ ನಾನು ಬರೀ ಕೂತಿದ್ದೆ, ಅಷ್ಟೆ” ಎಂದು ರಾಜ ಬೆವರೊರೆಸಿಕೊಂಡ. “ತಾಳಿ ಕಟ್ಟಿದಾಗ ಇಬ್ಬರೂ ಒಟ್ಟಿಗೇ ಆದೆವು. ನಾನು ಗಂಡ, ಇವಳು ಹೆಂಡತಿ. ಅದರಲ್ಲಿ ಮೊದಲು ಯಾವುದು, ಎರಡನೆಯದು ಯಾವುದು?”

“ಅದನ್ನೇ ನಾನೂ ಹೇಳುವುದು ಬುದ್ಧೀ. ಬೆಳಿಗ್ಗೆ ಹಲಗೆ ಬರೀ ಕೂತಿತ್ತು, ಅಷ್ಟೆ. ಗಂಬಳಿ ಅಂಚು ಒಳಗೆ ಹೋದಾಗ ತಾಳಿ ಕಟ್ಟಿದ ಹಾಗಾಯಿತು. ಇಬ್ಬರೂ ಮೊದಲು. ಎರಡನೆಯವರು ಈ ಮನೆಯಲ್ಲಿ ಯಾರೂ ಇಲ್ಲ. ಅಲ್ಲವೇ ಅಮ್ಮಾ?”

“ಇರದಿದ್ದರೆ ಒಳ್ಳೆಯದು” ಎಂದಳು ರಾಣಿ, ರಾಜನನ್ನೇ ನೋಡುತ್ತ.

ರಾಜ ಹೊಟ್ಟೆ ಹಿಡಿದು ನಕ್ಕ. ಕ್ಷೌರದವನನ್ನು ಮನೆಗೆ ಕಳಿಸಿದ. ಕೆಲಸಗಾರರಿಬ್ಬರಿಗೂ ಸರಿಸಮ ಇನಾಮು ಕೊಟ್ಟು, ಗವಿಯಪ್ಪನಿಗೆ ತನ್ನ ಜರತಾರಿ ಶಾಲನ್ನೇ ಹೊದಿಸಿದ.

ಅಂಗಳಕ್ಕೆ ಬಂದದ್ದೇ ತಡ, ಗವಿಯಪ್ಪ ಪಹರೆಯವರನ್ನು ಸುತ್ತ ಸೇರಿಸಿಕೊಂಡ. “ಸಂದು ಬಿಡುವ ಈ ಉಪಾಯ ನನಗೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಹೊಳೆದಿತ್ತು ಕಣ್ರೋ.”

ಹತಾರದ ಚೀಲ ಹೊತ್ತು ಹೊರಟಿದ್ದ ಮೌನಾಚಾರಿ ನಿಂತ. “ಗವಿಯಜ್ಜ, ನಿನ್ನೆ ಸಂಜೆ ನಮ್ಮ ಹಿತ್ತಲಿಗೆ ಬಂದು, ಮೀಸೆ ಉಳಿಸೋ ಮಾರಾಯ ಅಂತ ಅತ್ತವರು ಯಾರು? ಬೆರಳಷ್ಟು ಸಂದು ಬಿಡೋಣ ಅಂದವನು ನಾನಲ್ಲವಾ? ಮೊದಲು ಹೇಳಿದ್ದು ನಾನು.”

ಪಹರೆಯವರೆಲ್ಲ ಮುದುಕನ ಕಡೆ ತಿರುಗಿದರು.

“ಕೇಳುವವನಿಲ್ಲದೆ ಹೇಳಿದ್ದು ಮಾತಾಗುತ್ತೇನಪ್ಪ? ನೀನು ಹೇಳಿದೆ, ನಾನು ಕೇಳಿದೆ. ಎರಡೂ ಒಟ್ಟಿಗೇ ಆದದ್ದು” ಎಂದು ಗವಿಯಪ್ಪ ಶಾಲಿನೊಳಗೇ ಭುಜ ಕುಣಿಸಿದ.